ಚಾವಡಿಗೆ ಗ್ರಾನೈಟು, ಅಡುಗೆಕೋಣೆಗೆ ಹೊಗೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಗುತ್ತು-ಬೀಡುಗಳಿಗೆ ಈಗ ಒಳ್ಳೆಯ ದಿನ ಬಂದಿದೆ ಅಂತ ಹೇಳುವವರು ಬಹಳ ಮಂದಿ. ದೀಪಾವಳಿ ಕಳೆದರೆ ಸಾಕು, ಮಾರ್ಗದ ಬದಿಯಲ್ಲಿ ಫ್ಲೆಕ್ಸುಗಳು ಏಳುತ್ತವೆ. ಇಂಥಾ ಗುತ್ತಿನ ಮನೆಯ ಜೀರ್ಣೋದ್ಧಾರ, ಧರ್ಮದೈವಗಳ ಪುನಃಪ್ರತಿಷ್ಠೆ, ಗೃಹಪ್ರವೇಶ, ನೇಮೋತ್ಸವ, ಮಧ್ಯಾಹ್ನ ಅನ್ನಸಂತರ್ಪಣೆ. ಮುಂಬಯಿಯಿಂದ, ಬೆಂಗಳೂರಿನಿಂದ, ದುಬೈಯಿಂದ ಕುಟುಂಬದವರು ಬಂದಿಳಿಯುತ್ತಾರೆ. ಮೂರು ದಿನ ಗದ್ದಲ. ನಾಲ್ಕನೆಯ ದಿನ ಶಾಮಿಯಾನ ಬಿಚ್ಚುತ್ತಾರೆ. ಐದನೆಯ ದಿನ ಬಾಗಿಲಿಗೆ ಬೀಗ.

ಬೀಗ ಬೀಳದ ಮನೆಗಳೂ ಉಂಟು. ಅಲ್ಲಿ ಒಬ್ಬ ಪ್ರಾಯದ ಅಕ್ಕ, ಇಲ್ಲವೇ ಯಾವುದೋ ಬಡ ಕವರಿನ ಗಂಡ-ಹೆಂಡತಿ, ಎರಡು ಮಕ್ಕಳು. ದೈವಕ್ಕೆ ದೀಪ ಇಡುವವರು ಅವರು. ಅಂಗಳ ಗುಡಿಸುವವರು ಅವರು. ಸಂಕ್ರಮಣಕ್ಕೆ ಬಂದವರಿಗೆ ಬೆಲ್ಲ-ನೀರು ಕೊಡುವವರೂ ಅವರೇ. ಲಕ್ಷಗಟ್ಟಲೆ ಸುರಿದ ಜೀರ್ಣೋದ್ಧಾರದಲ್ಲಿ ಅವರ ಪಾಲಿಗೆ ಬಂದದ್ದೇನು ಅಂತ ಹಿಂದಿನ ಬಾಗಿಲಿನಿಂದ ಹೋಗಿ ನೋಡಬೇಕು. ಚಾವಡಿಯಲ್ಲಿ ಮುಖ ಕಾಣುವ ಗ್ರಾನೈಟು. ಅಡುಗೆಕೋಣೆಯಲ್ಲಿ ಅಜ್ಜಿಯ ಕಾಲದ ಹೊಗೆ. ಕಕ್ಕಸು ಅಂಗಳದಾಚೆ, ಆಷಾಢದ ರಾತ್ರಿ ಹೊಟ್ಟೆ ಕೆಟ್ಟರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟಾರ್ಚು.

ಇದನ್ನು ಜೀರ್ಣೋದ್ಧಾರ ಅನ್ನುವುದಾದರೆ ಉದ್ಧಾರ ಆದದ್ದು ಯಾರದ್ದು?

ದೈವದ ಕೆಲಸಕ್ಕೆ ಖರ್ಚು ಮಾಡಬಾರದು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಸತ್ಯ ಹೇಳಬೇಕೆಂದರೆ ಈ ಮನೆಗಳಲ್ಲಿ ಅರ್ಧದಷ್ಟಾದರೂ ಇವತ್ತು ನಿಂತಿರುವುದು ದೈವದ ಭಯದಿಂದಲೇ. ಭಂಡಾರದ ಕೋಣೆ ಇಲ್ಲದೆ ಇದ್ದಿದ್ದರೆ ಕಂಬ, ದಾರಂದ, ಮುಚ್ಚಿಗೆ ಎಲ್ಲ ಎಂದೋ ಲಾರಿ ಹತ್ತುತ್ತಿತ್ತು. ಅಷ್ಟಮಂಗಲ ಪ್ರಶ್ನೆಯಲ್ಲಿ ಮನೆ ಸರಿಮಾಡಬೇಕೆಂದು ಬಂದರೆ ಇಪ್ಪತ್ತು ವರ್ಷ ಮಾತು ಬಿಟ್ಟವರೂ ಒಟ್ಟು ಕೂತು ಲೆಕ್ಕ ಹಾಕುತ್ತಾರೆ. ಸರಕಾರದಿಂದ, ಕೋರ್ಟಿನಿಂದ ಆಗದ ಕೆಲಸ ಅದು. ಆದರೆ ಅಷ್ಟು ಜನ ಒಟ್ಟು ಸೇರಿದ ಆ ಒಂದು ದಿನ, ಮನೆಯೊಳಗೆ ದಿನಾ ಬೇಯುವವರ ಮಾತು ಯಾಕೆ ಬರುವುದಿಲ್ಲ ಅನ್ನುವುದು ಪ್ರಶ್ನೆ.

ಕಾರಣ ಕಾಗದದಲ್ಲಿ ಉಂಟು. ಅಳಿಯಸಂತಾನದ ಹಳೆ ಕಟ್ಟಿನಲ್ಲಿ ಕುಟುಂಬದ ಆಸ್ತಿಯನ್ನು ಎಲ್ಲರೂ ಒಪ್ಪದೆ ಪಾಲು ಮಾಡುವ ಹಾಗಿರಲಿಲ್ಲ. ಯಜಮಾನ ನೋಡಿಕೊಳ್ಳಬೇಕು, ಉಳಿದವರು ಉಣ್ಣಬೇಕು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು, ಗುಡ್ಡೆ ಪಾಲಾಯಿತು. ಮನೆಯನ್ನು ಮಾತ್ರ, ದೈವ ಇದೆಯಲ್ಲ ಅಂತ, ಹಾಗೇ ಬಿಟ್ಟರು. ಬಿಟ್ಟದ್ದು ಭಕ್ತಿಯಿಂದ ಹೌದು. ಆದರೆ ಮೂರು ತಲೆಮಾರು ಕಳೆಯುವಾಗ ಒಂದು ಮನೆಗೆ ನಲುವತ್ತು, ಅರುವತ್ತು ಹಕ್ಕುದಾರರಾದರು. ಹಕ್ಕು ಇರುವವರು ಅಲ್ಲಿ ವಾಸ ಇಲ್ಲ. ವಾಸ ಇರುವವರಿಗೆ ಒಂದು ಗೋಡೆ ಒಡೆಯುವ ಹಕ್ಕಿಲ್ಲ. ಅಡುಗೆಕೋಣೆಗೊಂದು ಕಿಟಕಿ ತೆಗೆಸಿದರೆ ಮುಂಬಯಿಯಿಂದ ಫೋನು ಬರುತ್ತದೆ: "ಯಾರನ್ನು ಕೇಳಿ ತೆಗೆಸಿದ್ದು?"

ಬ್ಯಾಂಕಿಗೆ ಹೋದರೂ ಅದೇ ಕತೆ. ಪಹಣಿಯಲ್ಲಿ ಹೆಸರಿನ ಪಟ್ಟಿ ಹಾವಿನ ಬಾಲದ ಹಾಗೆ. ಅದರಲ್ಲಿ ತೀರಿಹೋದವರೇ ಜಾಸ್ತಿ. ಎಲ್ಲರ ಸಹಿ ತನ್ನಿ ಅನ್ನುತ್ತಾರೆ. ಅದೇ ಮನುಷ್ಯ ಪಕ್ಕದಲ್ಲಿ ಐದು ಸೆಂಟ್ಸ್ ಜಾಗಕ್ಕೆ 9/11 ಮಾಡಿಸಿಕೊಂಡು ಹೋದರೆ ಹೊಸ ಮನೆಗೆ ಸಾಲ ಸಿಗುತ್ತದೆ. ಆಗ ಅವನೇನು ಮಾಡುತ್ತಾನೆ? ಗುತ್ತಿನ ಮನೆಯ ಎದುರಿನ ಬಾಕಿಮಾರಿನಲ್ಲೇ ಒಂದು ಟೇರೇಸು ಮನೆ ಎಬ್ಬಿಸುತ್ತಾನೆ. ಹಳೆಮನೆಯ ಮುಖ ಮುಚ್ಚಿತು. ನೋಡಿದವರೆಲ್ಲ ಅವನಿಗೆ ಬೈಯುತ್ತಾರೆ. ಬೈಸಿಕೊಳ್ಳಬೇಕಾದದ್ದು ಅವನಾ?

ಇನ್ನೊಂದು ಮಾತು. ಹಳೆಮನೆ ಅಂದ ಕೂಡಲೇ ಕಣ್ಣೀರು ಹಾಕುವವರು ಒಂದು ವಿಷಯ ಮರೆಯುತ್ತಾರೆ. ಇಂಥ ಮನೆಗಳು ತನ್ನಷ್ಟಕ್ಕೆ ನಿಂತದ್ದಲ್ಲ. ಒಕ್ಕಲುಗಳ ಗೇಣಿ ಅಕ್ಕಿಯ ಮುಡಿಗಳು ಚಾವಡಿಯ ಪಕ್ಕದ ಕೋಣೆಗೆ ಬಂದು ಬೀಳುತ್ತಿದ್ದವು, ಅದರಿಂದ ಮಾಡು ನಿಂತಿತ್ತು. ಕಾಡಿನಿಂದ ಮರ ಹೊತ್ತವರು, ಮುರಕಲ್ಲು ಕಡಿದವರು, ಮಣ್ಣು ತುಳಿದವರು ಬೇರೆ. ಚಾವಡಿಯಲ್ಲಿ ಕೂತವರು ಬೇರೆ. ಹೊತ್ತವರಲ್ಲಿ ಎಷ್ಟೋ ಜನರಿಗೆ ಅಂಗಳ ದಾಟಲಿಕ್ಕೆ ಬಿಡುತ್ತಿರಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ಗೇಣಿ ನಿಂತಿತು, ಡಿಕ್ಲರೇಶನ್ ಕೊಟ್ಟ ಒಕ್ಕಲಿಗೆ ಭೂಮಿ ಸಿಕ್ಕಿತು. ಆಗಬೇಕಾದದ್ದೇ ಆಯಿತು. ದೊಡ್ಡ ಮನೆಗಳ ಮಾಡು ಸೋರಲು ಸುರುವಾದದ್ದು ಆಮೇಲೆ ಅಂತ ಗೊಣಗುವವರು ಈಗಲೂ ಇದ್ದಾರೆ. ಬೇರೆಯವರ ಬೆವರಿನಿಂದ ಮಾತ್ರ ನಿಲ್ಲುವ ಮಾಡು ಸೋರುವುದೇ ನ್ಯಾಯ. ಆದರೆ ಇವತ್ತು ಆ ಮಾಡಿನ ಕೆಳಗೆ ಇರುವವರು ಧಣಿಗಳಲ್ಲ. ಹೆಚ್ಚಿನ ಕಡೆ ಬೀಡಿ ಕಟ್ಟಿ, ಹಾಲು ಡಿಪೋಗೆ ಹಾಕಿ ಬದುಕುವವರು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತು ಸಂಗ್ರಹಾಲಯಕ್ಕೆ ಹೋದರೆ ಒಕ್ಕಲು ಮನೆಯ ಪಾತ್ರೆ-ಪಗಡಿ, ನೇಗಿಲು-ನೊಗ ನೋಡಲಿಕ್ಕೆ ಸಿಗುತ್ತದೆ. ಆ ಮುಳಿಹುಲ್ಲಿನ ಮನೆ ಮಾತ್ರ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ ಅತ್ತವರು ಕಮ್ಮಿ.

ಹಾಗಾದರೆ ದೊಡ್ಡ ಮನೆಗಳಾದರೂ ಯಾಕೆ ಉಳಿಯಬೇಕು? ಒಡೆದರೆ ಮತ್ತೆ ಕಟ್ಟಲಿಕ್ಕೆ ಬರುವುದಿಲ್ಲ, ಅದಕ್ಕೆ. ಅಂಥ ಹಲಸು, ತೇಗ, ಬೋಗಿ ಮರ ಈಗ ಕಾಡಿನಲ್ಲಿಲ್ಲ. ಇದ್ದರೂ ಕಡಿಯಲಿಕ್ಕೆ ಬಿಡುವುದಿಲ್ಲ. ಅಂಥ ಆಚಾರಿಗಳೂ ಬೆರಳೆಣಿಕೆಯಷ್ಟು. ಒಡೆಯುವವನಿಗೆ ಕೈಗೆ ಬರುವುದು ಮರದ ತೂಕದ ಹಣ. ಹಳೆ ಮರದ ವ್ಯಾಪಾರಿ ಕಂಬಕ್ಕೆ ಇಷ್ಟು, ಬಾಗಿಲಿಗೆ ಇಷ್ಟು ಅಂತ ರೇಟು ಕಟ್ಟಿ ಒಯ್ಯುತ್ತಾನೆ. ಗೋಡೆಗೆ ರೇಟಿಲ್ಲ, ಅದು ಅಲ್ಲೇ ಮಣ್ಣಾಗುತ್ತದೆ. ಆ ಕಂಬವನ್ನು ಮತ್ತೆ ನೋಡಬೇಕಾದರೆ ಯಾವುದಾದರೂ ರೆಸಾರ್ಟಿನ ಬಾಗಿಲಲ್ಲಿ ಕಾಫಿಗೆ ಇನ್ನೂರೈವತ್ತು ಕೊಟ್ಟು ನೋಡಬೇಕು.

ಹಾಗೆ ಲಾರಿ ಹತ್ತುವ ಮನೆಗಳನ್ನು ಕಂಡು ಸಂಕಟಪಟ್ಟವರು ಮಣಿಪಾಲದ ವಿಜಯನಾಥ ಶೆಣೈ. ಒಡೆಯುವ ಮನೆಗಳ ಒಂದೊಂದು ತುಂಡಿಗೂ ಗುರುತು ಹಾಕಿಸಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರು, ಕುಂದಾಪುರ ಕಡೆಯ ಹರ್ಕೂರು ಮನೆ ಎಲ್ಲ ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಅವರು ಮಾಡಿದ್ದು ಒಂದು ಸಂಸ್ಥಾನ ಮಾಡುವಷ್ಟು ದೊಡ್ಡ ಕೆಲಸ. ಆದರೂ ಅದು ಅನಾಥ ಮನೆಗಳ ಆಶ್ರಮವೇ. ಅಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಮಗು ಅಳುವುದಿಲ್ಲ. ಎಲ್ಲ ಮನೆಯನ್ನೂ ಅಲ್ಲಿಗೆ ಸಾಗಿಸಲಿಕ್ಕೂ ಆಗುವುದಿಲ್ಲ. ಮನೆ ತನ್ನ ಪಂಚಾಂಗದ ಮೇಲೆಯೇ ನಿಲ್ಲಬೇಕಾದರೆ ಒಳಗೆ ಜನ ಬೇಕು.

ಮೂಡಬಿದಿರೆಗೆ ಬರುವ ಪ್ರವಾಸಿಗಳು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ನೋಡುತ್ತಾರೆ. ಸ್ವಲ್ಪ ಆಸಕ್ತಿ ಇದ್ದವರು ಚೌಟರ ಅರಮನೆಗೂ ಹೋಗುತ್ತಾರೆ. ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ – ಆ ಮರದ ಕೆತ್ತನೆಗಳ ಫೋಟೋ ಹೊಡೆದು ಬರುತ್ತಾರೆ. ಆದರೆ ಅರಮನೆ ಅಂದರೆ ಮ್ಯೂಸಿಯಂ ಅಲ್ಲ. ಚೌಟ ವಂಶದವರು ವಾಸ ಮಾಡಿಕೊಂಡು ಬಂದ ಮನೆ ಅದು. ಬಸದಿಗೆ ಭಕ್ತರಿದ್ದಾರೆ, ಮಠ ಇದೆ. ಮನೆಗೆ ಮನೆಯವರು ಮಾತ್ರ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನಿಗೆ 2024ರಲ್ಲೂ ಮಹಾಮಸ್ತಕಾಭಿಷೇಕ ಆಯಿತು. ಕಲ್ಲಿನ ಗೊಮ್ಮಟ ಮಳೆಗೆ ನೆನೆದು ಬಿಸಿಲಿಗೆ ಒಣಗಿ ನಾನೂರು ವರ್ಷ ನಿಂತಾನು. ಅದೇ ಅಜಿಲರ ಅಳದಂಗಡಿಯ ಅರಮನೆಯಂಥ ಮರ-ಹಂಚಿನ ಮನೆ ಹಾಗಲ್ಲ. ಒಂದು ಹಂಚು ಜಾರಿದ್ದನ್ನು ಒಂದು ಮಳೆಗಾಲ ಯಾರೂ ನೋಡದಿದ್ದರೆ ಮುಂದಿನ ವರ್ಷ ಪಕ್ಕಾಸು ಹೋಯಿತು, ಅದರ ಮುಂದಿನ ವರ್ಷ ತೊಲೆ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಜಾರಿದ ಹಂಚನ್ನು ಕಾಣುವವರು ಯಾರು? ರಾತ್ರಿ ಮುಖದ ಮೇಲೆ ಹನಿ ಬಿದ್ದು ಎಚ್ಚರ ಆಗುವವರು.

ಗೋವಾದ ಚಾಂದೋರಿನಲ್ಲಿ ಬ್ರಗಾಂಜಾ ಮನೆ ಅಂತ ಒಂದುಂಟು. ಮನೆಯ ಎರಡು ರೆಕ್ಕೆಗಳಲ್ಲಿ ಎರಡು ಕವಲಿನವರು. ಎರಡೂ ಕಡೆ ಬಂದವರಿಗೆ ಮನೆ ತೋರಿಸುತ್ತಾರೆ, ಕೊಟ್ಟ ಕಾಣಿಕೆಯನ್ನು ಮನೆಯ ರಿಪೇರಿಗೆ ಹಾಕುತ್ತಾರೆ. ಪಾಲಾದರೂ ಮನೆ ಒಡೆಯಲಿಲ್ಲ. ಹಾಗಂತ ನಮ್ಮ ಗುತ್ತುಗಳೆಲ್ಲ ಟಿಕೇಟು ಮಾರಬೇಕು ಅಂತಲ್ಲ; ದೈವದ ಕೋಣೆಯ ಎದುರು ಸೆಲ್ಫಿ ತೆಗೆಯುವವರನ್ನು ಸುಧಾರಿಸಿ ಪೂರೈಸಲಿಕ್ಕಿಲ್ಲ. ಆದರೆ ನಿಂತ ಮನೆಯೊಳಗೆ ಯಾರಿಗೆ ಎಲ್ಲಿಯ ತನಕ ಅನ್ನುವುದು ಕಾಗದದಲ್ಲಿ ಸ್ಪಷ್ಟ ಆದರೆ ಜಗಳ ಅರ್ಧ ಕಮ್ಮಿ ಆಗುತ್ತದೆ.

ಈಗ ರಿಪೇರಿಯ ವಿಷಯ. "ಹಳೆಮನೆಯಲ್ಲಿ ಈಗಿನ ಕಾಲದ ಸಂಸಾರ ಮಾಡಲಿಕ್ಕಾಗುವುದಿಲ್ಲ ಮಾರಾಯ್ರೇ" ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಸುಳ್ಳಲ್ಲ. ಬಾಗಿಲು ತಗ್ಗು, ಬಗ್ಗದಿದ್ದರೆ ಹಣೆಗೆ ಹೊಡೆತ. ಹೊಸ್ತಿಲು ಎತ್ತರ. ಅಟ್ಟದ ಏಣಿ ಮೊಣಕಾಲು ನೋವಿನವರಿಗೆ ಎವರೆಸ್ಟು. ಒಳಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಮದುವೆಯಾಗಿ ಬಂದ ಹುಡುಗಿಗೆ ಬಾಗಿಲು ಹಾಕಿಕೊಳ್ಳಲಿಕ್ಕೆ ಒಂದು ಕೋಣೆ ಇಲ್ಲ, ಎಲ್ಲ ಕೋಣೆಯೂ ಇನ್ನೊಂದಕ್ಕೆ ದಾರಿ. ಇಂಥ ಮನೆಗೆ ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ.

ಇಷ್ಟಕ್ಕೆಲ್ಲ ಮನೆ ಒಡೆಯಬೇಕಾಗಿಲ್ಲ. ಹಳೆಮನೆ ಯಾವತ್ತೂ ಬದಲಾಗದ ಮನೆ ಅಂತ ತಿಳಿದವರು ಮಾಡಿನ ಮೇಲೊಮ್ಮೆ ನೋಡಲಿ. ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ್ದು 1865ರಲ್ಲಿ. ಅದಕ್ಕಿಂತ ಮೊದಲಿನ ಮನೆಗಳ ಮೇಲೆ ಮಂಗಳೂರು ಹಂಚು ಇರಲಿಲ್ಲ. ಹುಲ್ಲು ಇಳಿಸಿ ಹಂಚು ಏರಿಸಿದ ಅಜ್ಜ ಆ ಕಾಲದ ಮಾಡರ್ನ್ ಮನುಷ್ಯ. ಆಮೇಲೆ ಕರೆಂಟು ಬಂತು, ಪಂಪು ಬಂತು. ಇನ್ನು ಗ್ಯಾಸಿನ ಒಲೆ, ಕಮೋಡು ಬಂದರೆ ಸಂಪ್ರದಾಯ ಕೆಡುತ್ತದೆ ಅನ್ನುವುದು ಯಾವ ನ್ಯಾಯ?

ಸರಿಯಾದ ದಾರಿ ಹಳೆ ಮೇಸ್ತ್ರಿಗಳಿಗೆ ಗೊತ್ತಿತ್ತು. ನೀರಿನ ಕೆಲಸವನ್ನು ಮರದಿಂದ ದೂರ ಇಡಬೇಕು. ಬಚ್ಚಲು, ಕಕ್ಕಸನ್ನು ಮಣ್ಣಿನ ಗೋಡೆಯೊಳಗೆ ಪೈಪು ತುರುಕಿ ನಡುಮನೆಗೆ ತರಬಾರದು. ಮನೆಯ ಹಿಂಬದಿಗೆ ಬೇರೆ ಪಂಚಾಂಗ, ಬೇರೆ ಮಾಡು ಕಟ್ಟಿ, ನಡುವೆ ನೆನೆಯದ ಹಾಗೆ ಒಂದು ಮೊಗಸಾಲೆ ಇಟ್ಟರೆ ಆಯಿತು. ಹಳೆ ಹಟ್ಟಿಯೋ ಕಟ್ಟಿಗೆ ಕೊಟ್ಟಿಗೆಯೋ ಹೆಚ್ಚಿನ ಮನೆಗಳಲ್ಲಿ ಖಾಲಿ ಬಿದ್ದಿದೆ. ಅದರ ಜಾಗದಲ್ಲೇ ಆಗುತ್ತದೆ. ಅಜ್ಜಿಗೆ ಐದು ಹೆಜ್ಜೆ, ಕೊಡೆ ಬೇಡ. ಕತ್ತಲೆಗೆ ಮದ್ದು ಇನ್ನೂ ಅಗ್ಗ. ನಾಲ್ಕು ಹಂಚು ತೆಗೆದು ನಾಲ್ಕು ಗಾಜಿನ ಹಂಚು ಇಟ್ಟರೆ ಸಾಕು. ಅಡುಗೆಕೋಣೆಯ ಮಾಡಿಗೆ ಹೊಗೆಗೂಡು ಎತ್ತಿಸಿದರೆ ಸೌದೆ ಒಲೆಯೂ ಇರಬಹುದು, ಗ್ಯಾಸೂ ಇರಬಹುದು. ಹಳೆ ವಯರಿಂಗ್ ಮಾತ್ರ ಪೂರ್ತಿ ಕಿತ್ತು ಹೊಸದು ಮಾಡಲೇಬೇಕು. ಒಣಗಿದ ಮರದ ಮನೆಗೆ ಒಂದು ಕಿಡಿ ಸಾಕು.

ಇದನ್ನೆಲ್ಲ ಬಿಟ್ಟು ಈಗ ನಡೆಯುವುದೇನು? ಮುರಕಲ್ಲಿನ ಗೋಡೆಯ ಗಾರೆ ಕಿತ್ತು ಸಿಮೆಂಟು ಬಳಿಯುತ್ತಾರೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಕುಡಿದ ನೀರನ್ನು ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ರೈನ್‌ಕೋಟು ಹಾಕಿ ಬೆವರಿದ ಹಾಗೆ. ನೀರು ಗೋಡೆಯೊಳಗೇ ಮೇಲೇರಿ ತೊಲೆಯ ತುದಿ ಕೂತ ಜಾಗಕ್ಕೆ ಬರುತ್ತದೆ. ತೊಲೆ ಕುಂಬಾಗುತ್ತದೆ, ಗೆದ್ದಲು ಹತ್ತುತ್ತದೆ. ಐದಾರು ವರ್ಷ ಕಳೆದಾಗ "ಹಳೆಮರ, ಹೋಯಿತು ಕಾಣ್ತದೆ" ಅಂತ ಮರಕ್ಕೆ ದೂರು. ಕಾವಿಯ ನೆಲ ತೆಗೆದು ಗ್ರಾನೈಟು ಹಾಸುತ್ತಾರೆ. ಒದ್ದೆ ಕಾಲಿನ ಮುದುಕರು ಜಾರಿ ಸೊಂಟ ಮುರಿದುಕೊಳ್ಳುತ್ತಾರೆ. ಎಲ್ಲದಕ್ಕಿಂತ ಮಜಾ ಕಂಬಗಳದ್ದು. ಒಳ್ಳೆಯ ಹಲಸಿನ ಕಂಬ ತೆಗೆದು ಕಾಂಕ್ರೀಟು ಕಂಬ ಎರೆದು, ಅದಕ್ಕೆ ಮರದ ಬಣ್ಣ ಬಳಿದು, ಗೆರೆ ಎಳೆದು, ನೋಡಿದವರಿಗೆ ಮರ ಅನ್ನಿಸಬೇಕು! ಮಾಡು ತೆಗೆದು ಟೇರೇಸು ಹಾಕಿದವರ ಕತೆ ಇನ್ನೂ ಚಂದ. ನಾಲ್ಕು ಮಳೆಗಾಲಕ್ಕೆ ಟೇರೇಸು ಸೋರುತ್ತದೆ. ಆಗ ಅದರ ಮೇಲೆ ಕಬ್ಬಿಣದ ತೊಲೆ ನಿಲ್ಲಿಸಿ ಇಳಿಜಾರು ಶೀಟು ಹಾಕುತ್ತಾರೆ. ಬಿ.ಸಿ. ರೋಡಿನಿಂದ ಚಾರ್ಮಾಡಿ ತನಕ ಬಸ್ಸಿನಲ್ಲಿ ಕೂತು ಎಣಿಸಿಕೊಂಡು ಹೋಗಬಹುದು. ಅಜ್ಜ ಹೇಳಿದ ಇಳಿಜಾರು ಮಾಡಿಗೇ ಮೊಮ್ಮಗ ವಾಪಾಸು ಬಂದದ್ದು, ನಡುವೆ ಎರಡು ಸಲ ಖರ್ಚು ಮಾಡಿ.

ಎಲ್ಲ ಹಳೆಮನೆಯನ್ನೂ ಹೇಗಾದರೂ ಉಳಿಸಬೇಕು ಅಂತ ಹಟ ಹಿಡಿಯುವುದೂ ಬುದ್ಧಿವಂತಿಕೆ ಅಲ್ಲ. ಬಂಟ್ವಾಳ ಪೇಟೆಯಲ್ಲಿ ನೇತ್ರಾವತಿಯ ಬದಿಗೆ ಇರುವ ಹಳೆಮನೆಗಳನ್ನು ನೋಡಿ. ಎದುರಿಗೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಹೊಳೆ. ವ್ಯಾಪಾರ ಜೋಡುಮಾರ್ಗಕ್ಕೆ ಹೋದ ಮೇಲೆ ಪೇಟೆ ಸಪ್ಪೆಯಾಯಿತು. ಒಡೆಯುವವರಿಲ್ಲದ್ದರಿಂದಲೇ ಹಳೆ ಬೀದಿ ಅಷ್ಟಿಷ್ಟು ಉಳಿದದ್ದು. ಆದರೆ 1923ರ ಬೊಳ್ಳವೂ 1974ರ ಬೊಳ್ಳವೂ ಈ ಪೇಟೆಯೊಳಗೆ ನುಗ್ಗಿದವು. ಮಣ್ಣಿನ ಗೋಡೆ ನೀರಲ್ಲಿ ನಿಂತರೆ ಕರಗುತ್ತದೆ, ಅದಕ್ಕೆ ಪರಂಪರೆಯ ಲೆಕ್ಕ ಗೊತ್ತಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಬುಡದ ಊರುಗಳಲ್ಲಿ ಮನೆಗಳು ಹೋದದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ. ಇಂಥಲ್ಲಿ ನೀರು ಮುಟ್ಟುವ ಎತ್ತರದ ತನಕ ಹೊಸ ಗೋಡೆ ಕಟ್ಟಿ, ಮೇಲಿನ ಮರ-ಹಂಚು ಉಳಿಸಿಕೊಳ್ಳುವುದು ತಪ್ಪಲ್ಲ. ಮಕ್ಕಳ ಜೀವಕ್ಕಿಂತ ಮಣ್ಣಿನ ಗೋಡೆ ದೊಡ್ಡದಲ್ಲ.

ಹಣದ ಮಾತು ಕಡೆಗೆ ಬರುತ್ತದೆ. ಹಣ ಇಲ್ಲ ಅನ್ನುವುದು ಈ ವಿಷಯದಲ್ಲಿ ನಂಬುವ ಮಾತಲ್ಲ. ಜೀರ್ಣೋದ್ಧಾರದ ಆಮಂತ್ರಣ ಪತ್ರಿಕೆಯ ಹಿಂದಿನ ಪುಟದಲ್ಲಿರುವ ದೇಣಿಗೆಯ ಪಟ್ಟಿ ಓದಿದರೆ ಸಾಕು. ಬಚ್ಚಲಿಗೆ, ಅಡುಗೆಕೋಣೆಗೆ ಬೇಕಾದದ್ದು ಆ ಮೊತ್ತದಲ್ಲಿ ಒಂದು ಚೂರು. ಹೂವಿನ ಅಲಂಕಾರ, ಧ್ವನಿವರ್ಧಕ, ಸುಡುಮದ್ದಿನ ಖರ್ಚಿನಲ್ಲೇ ಹೊರಡುತ್ತದೆ. ಕೊರತೆ ಇರುವುದು ಹೆಸರು ಹಾಕುವ ಜಾಗಕ್ಕೆ. ಚಾವಡಿಯ ಕಂಬ ಕೊಟ್ಟರೆ ಕಲ್ಲಿನಲ್ಲಿ ಹೆಸರು ಕೆತ್ತುತ್ತಾರೆ, ಕಕ್ಕಸು ಕಟ್ಟಿಸಿ ಕೊಟ್ಟವನ ಹೆಸರು ಎಲ್ಲಿ ಕೆತ್ತುವುದು? ಕೆತ್ತಬೇಕು ಸ್ವಾಮಿ, ಅದರ ಬಾಗಿಲಲ್ಲೇ ಕೆತ್ತಬೇಕು. ನಿತ್ಯ ಯಾರಾದರೂ ನೆನೆಯುವ ಪುಣ್ಯ ಅದೊಂದರಲ್ಲೇ ಇರುವುದು.

ಕುಟುಂಬಗಳಲ್ಲಿ ಈಗ ಟ್ರಸ್ಟು ಮಾಡುವ ಕ್ರಮ ಬಂದಿದೆ. ಒಳ್ಳೆಯದು. ಟ್ರಸ್ಟಿನ ಕಾಗದದಲ್ಲಿ ನೇಮ ಯಾವಾಗ, ಗಡಿ ಯಾರಿಗೆ, ಭಂಡಾರದ ಬೀಗದಕೈ ಯಾರಲ್ಲಿ ಅಂತ ಬರೆಯುತ್ತಾರೆ. ಅದರಲ್ಲೇ ಎರಡು ಸಾಲು ಜಾಸ್ತಿ ಬರೆಯಲಿ. ಮನೆಯಲ್ಲಿ ವಾಸ ಇದ್ದು ದೀಪ ಇಡುವ ಕುಟುಂಬಕ್ಕೆ ಅವರ ಜೀವಮಾನ ಪೂರ್ತಿ, ಇಲ್ಲವೇ ಮೂವತ್ತು ವರ್ಷ, ಅಲ್ಲಿ ಇರುವ ಹಕ್ಕು. ಅಡುಗೆಕೋಣೆ, ಬಚ್ಚಲು, ಒಂದು ಮಲಗುವ ಕೋಣೆಯನ್ನು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳಲಿಕ್ಕೆ ಅವರು ಯಾರನ್ನೂ ಕೇಳಬೇಕಾಗಿಲ್ಲ. ಚಾವಡಿ, ಕಂಬ, ಮಾಡು ಮುಟ್ಟುವುದಾದರೆ ಎಲ್ಲರನ್ನೂ ಕೇಳಬೇಕು. ಇದನ್ನು ರಿಜಿಸ್ತ್ರಿ ಮಾಡಿಸಲಿ. ಬಾಯಿಮಾತು ಸಾಲದು, ಹಿರಿಯರು ತೀರಿಹೋದ ದಿನವೇ ಬಾಯಿಮಾತೂ ತೀರಿಹೋಗುತ್ತದೆ. ಮನೆ ಬಿಟ್ಟು ಹೋಗು ಅಂತ ಯಾವತ್ತಾದರೂ ಹೇಳಿಸಿಕೊಳ್ಳುವ ಮನೆಗೆ ಕೈಯಿಂದ ಹತ್ತು ರೂಪಾಯಿ ಹಾಕಲಿಕ್ಕೆ ಯಾವ ಬಡವನಿಗೂ ಧೈರ್ಯ ಬರುವುದಿಲ್ಲ. ಹಕ್ಕು ಗಟ್ಟಿ ಇದ್ದರೆ ಅವನೇ ಮಾಡು ಹತ್ತುತ್ತಾನೆ.

ಹಳೆ ಹಂಚು ಈಗ ಹುಡುಕಿದರೂ ಕಷ್ಟ. ಮಂಗಳೂರಿನ ಕಾರ್ಖಾನೆಗಳು ಒಂದೊಂದೇ ಮುಚ್ಚಿದ ಮೇಲೆ ಒಡೆದ ಮನೆಯ ಹಂಚನ್ನೇ ಇನ್ನೊಂದು ಮನೆಗೆ ಹೊಂದಿಸಿಕೊಳ್ಳಬೇಕು, ಅಳತೆ ಕೂಡದಿದ್ದರೆ ಸೋರುತ್ತದೆ. ಹಂಚು ಕೈಯಾಡಿಸುವ ಆಳುಗಳಿಗೂ ಈಗಲೇ ಹೇಳಿಡಬೇಕು. ಪತ್ತನಾಜೆ ಕಳೆದರೆ ನೇಮವೂ ಇಲ್ಲ, ಊರಿಗೆ ಬಂದ ನೆಂಟರೂ ಇಲ್ಲ. ಮತ್ತೆ ಹದಿನೈದು ದಿನಕ್ಕೆ ಮಳೆ. ಆಮೇಲೆ ನಾಲ್ಕು ತಿಂಗಳು ಅಡುಗೆಕೋಣೆಯ ಮೇಲೆ ಟಾರ್ಪಾಲು.